ಫಸ್ಟ್ ಕಾಪಿ ಶೂ, ಅಕ್ಕನ ಓಲೆ, ಅಥಣಿ ಚಪ್ಪಲಿ



ಇವತ್ತು ಸ್ವಲ್ಪ ಉದ್ದ ಆಗುತ್ತೆ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ. ಯಾಕಂದ್ರೆ ಇದರ ಅರ್ಧ ಭಾಗ ನಮ್ಮ ಹುಡುಗರಿಗೆ ಹಿಡಿಸಲ್ಲ, ಇನ್ನರ್ಧ ಪೊಲೀಸರಿಗೆ ಹಿಡಿಸಲ್ಲ.

ನಮ್ಮಕ್ಕನ ಮಗನ ವಿಷಯ. ಹೆಸರು ಬರೆಯಲ್ಲ, ಮದುವೆ ಆಗಬೇಕಾದ ಹುಡುಗ. ಡಿಪ್ಲೊಮಾ ಎರಡನೇ ವರ್ಷಕ್ಕೆ ಬಿಟ್ಟ. ಹೆದ್ದಾರಿ ಪಕ್ಕದ ಗೋಡೌನ್ ಒಂದರಲ್ಲಿ ಬಾಕ್ಸ್ ಎತ್ತಿಡೋ ಕೆಲಸಕ್ಕೆ ಸೇರಿದ. ಕಾಂಟ್ರಾಕ್ಟ್ ಮುಗೀತು ಅಂತ ಒಂದಿನ ಗೇಟಲ್ಲೇ ವಾಪಸ್ ಕಳಿಸಿದ್ರು. ಆಮೇಲೆ ಹಿಡಿದದ್ದು ಶೂ ಮಾರೋ ದಂಧೆ. ನೆಲಮಂಗಲ ಗೊತ್ತಿರೋರಿಗೆ ಗೊತ್ತು, ತುಮಕೂರು ಕಡೆ ಹೋಗೋ ಹೆದ್ದಾರಿ, ಕುಣಿಗಲ್-ಹಾಸನ ಕಡೆ ಹೋಗೋ ಹೆದ್ದಾರಿ ಇಲ್ಲೇ ಕವಲೊಡೆಯೋದು. ಸಂಜೆ ಆದ್ರೆ ಗಾಡಿ ನಿಲ್ಲಿಸೋ ಜನಕ್ಕೆ ಬರವಿಲ್ಲ. ರಸ್ತೆ ಪಕ್ಕ ಒಂದು ಟಾರ್ಪಾಲು, ಒಂದು ಬ್ಯಾಟರಿ ಲೈಟು, ನಲವತ್ತು ಜೊತೆ ಶೂ. ಪ್ರತಿ ಶೂ ಮೇಲೂ ದೊಡ್ಡ ದೊಡ್ಡ ವಿದೇಶಿ ಕಂಪನಿಗಳ ಗುರುತು. ಬೆಂಗಳೂರಿನಿಂದ ಜೊತೆಗೆ 650 ರೂಪಾಯಿಗೆ ತರ್ತಿದ್ದ, 1,000-1,100ಕ್ಕೆ ಕೊಡ್ತಿದ್ದ. ಮೊಬೈಲ್ ಸ್ಟೇಟಸ್‌ನಲ್ಲಿ ದಿನಾ ಹಾಕ್ತಿದ್ದ: "ಫಸ್ಟ್ ಕಾಪಿ, ಸೇಮ್ ಟು ಸೇಮ್ ಒರಿಜಿನಲ್."

ನಾನೂ ಸಾಚಾ ಏನಲ್ಲ. ಹೋದ ಏಪ್ರಿಲ್ 14ಕ್ಕೆ ಅವನೇ ಒಂದು ಜೊತೆ ತಂದುಕೊಟ್ಟು "ಹಾಕ್ಕೋ ಮಾವ, ಬಾಬಾಸಾಹೇಬ್ರ ಮೆರವಣಿಗೆಗೆ ಹರಕಲು ಚಪ್ಪಲಿ ಹಾಕ್ಕೊಂಡು ಬರಬೇಡ" ಅಂದ. ಹಾಕ್ಕೊಂಡೆ. ನೀಲಿ ಶಾಲು, ಬಿಳಿ ಶೂ. ಫೋಟೋ ಕೂಡ ಹಾಕಿದ್ದೆ, ನಿಮ್ಮಲ್ಲಿ ತುಂಬಾ ಜನ ಲೈಕ್ ಒತ್ತಿದ್ರಿ.

ಒಂದು ಸಂಜೆ ಮಫ್ತಿಯಲ್ಲಿ ಇಬ್ಬರು ಬಂದರು. ಹಿಂದೆ ಖಾಕಿಯಲ್ಲಿ ಇಬ್ಬರು. ಮಫ್ತಿಯಲ್ಲಿದ್ದ ಒಬ್ಬ ಕೊರಳಲ್ಲಿ ಐಡಿ ಕಾರ್ಡ್ ನೇತು ಹಾಕ್ಕೊಂಡು, ಕಂಪನಿಯವರು ನೇಮಿಸಿದ ತನಿಖಾ ಏಜೆನ್ಸಿಯವನು ಅಂತ ಹೇಳ್ಕೊಂಡ. ಶೂ ಎಲ್ಲಾ ಚೀಲಕ್ಕೆ ತುಂಬಿದರು. ಲೆಕ್ಕ ಹಾಕಲಿಲ್ಲ. ಮಹಜರು ಬರೆಯಲಿಲ್ಲ. ಪಂಚರು ಇರಲಿಲ್ಲ. ಹುಡುಗನನ್ನ ಕೂರಿಸ್ಕೊಂಡು ರಾತ್ರಿ ಹನ್ನೊಂದರವರೆಗೆ ಅದೇ ಮಾತು: "ಮೂರು ವರ್ಷ ಜೈಲು. ಅರವತ್ತು ಸಾವಿರ ಕೊಟ್ರೆ ಕೇಸಿಲ್ಲ." ನನಗೆ ಫೋನ್ ಬಂದಾಗ ನಾನು ದಾಬಸ್‌ಪೇಟೆ ಕಡೆ ಒಂದು ಮೀಟಿಂಗಲ್ಲಿದ್ದೆ. ನಾನು ಬರೋಷ್ಟೊತ್ತಿಗೆ ಅಕ್ಕ ಕಿವಿಯ ಓಲೆ ಅಡ ಇಟ್ಟು ನಲವತ್ತು ಸಾವಿರ ಕೊಟ್ಟು ಮಗನನ್ನ ಮನೆಗೆ ಕರ್ಕೊಂಡು ಬಂದಿದ್ಲು. ಎಫ್‌ಐಆರ್ ಇಲ್ಲ, ರಶೀದಿ ಇಲ್ಲ. ಆ ಶೂಗಳು ಎಲ್ಲಿಗೆ ಹೋದವು ಅಂತ ಇವತ್ತಿಗೂ ಗೊತ್ತಿಲ್ಲ.

ಮಾರನೇ ದಿನ ಧರಣಿಗೆ ಕರಪತ್ರ ಬರೆದೆ. "ದಲಿತ ಯುವಕನ ಬದುಕಿನ ಮೇಲೆ ಪೊಲೀಸ್ ದೌರ್ಜನ್ಯ." ಪ್ರಿಂಟಿಗೆ ಕೊಡೋ ಮುಂಚೆ, ಗುಮಾಸ್ತನ ಬುದ್ಧಿ ನೋಡಿ, ಕಾಯ್ದೆ ಏನು ಹೇಳುತ್ತೆ ಅಂತ ಒಂದ್ಸಲ ಓದೋಣ ಅನ್ನಿಸ್ತು. ನಾನು ಬಿ.ಎ. ಓದಿದವನು, ವಕೀಲ ಅಲ್ಲ. ಖಾಸಗಿ ಆಫೀಸಲ್ಲಿ ಬಿಲ್ಲು, ಇನ್‌ವಾಯ್ಸು, ಗೇಟ್ ಪಾಸು ನೋಡೋನು. ಆದ್ರೆ ಕಾನೂನು ಓದಿದ ಮನುಷ್ಯನ ಫೋಟೋ ಮನೆಯಲ್ಲಿಟ್ಕೊಂಡು ಕಾನೂನು ಓದದೆ ಧರಣಿ ಕೂರೋದು ಸರಿ ಕಾಣಲಿಲ್ಲ. ಮೂರು ರಾತ್ರಿ ಓದಿದೆ. ಓದಿದ ಮೇಲೆ ಕರಪತ್ರ ಹರಿದು ಹಾಕಿದೆ. ಯಾಕೆ ಅಂತ ಹೇಳ್ತೀನಿ.

ಮೊದಲು ನಮ್ಮ ತಪ್ಪು

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಅಂತ ಒಂದಿದೆ. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಅದರ 29ನೇ ಸೆಕ್ಷನ್ ಪ್ರಕಾರ, ನೋಂದಣಿಯಾದ ಗುರುತನ್ನ ಮಾಲೀಕರ ಒಪ್ಪಿಗೆ ಇಲ್ಲದೆ ಅದೇ ಥರದ ಸರಕಿನ ಮೇಲೆ ಹಾಕಿ ವ್ಯಾಪಾರ ಮಾಡಿದ್ರೆ ಅದು ಉಲ್ಲಂಘನೆ. ಗುರುತೂ ಅದೇ, ಸರಕೂ ಅದೇ ಆದ್ರೆ, ಗಿರಾಕಿಗೆ ಗೊಂದಲ ಆಗುತ್ತೆ ಅಂತ ಕೋರ್ಟ್ ತಾನಾಗೇ ಭಾವಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಇದು ಸಿವಿಲ್ ಕಡೆ. ತಡೆಯಾಜ್ಞೆ, ನಷ್ಟ ಪರಿಹಾರ, ಮಾಲು ಒಪ್ಪಿಸೋದು, ಇವೆಲ್ಲ ಇಲ್ಲಿ ಬರುತ್ತೆ.

ಕ್ರಿಮಿನಲ್ ಕಡೆ ಬೇರೆ. 103ನೇ ಸೆಕ್ಷನ್, ಸುಳ್ಳು ಗುರುತು ಹಾಕೋನಿಗೆ. 104ನೇ ಸೆಕ್ಷನ್, ಅಂಥ ಮಾಲು ಮಾರೋನಿಗೆ. ಮಾರೋದು ಮಾತ್ರ ಅಲ್ಲ, ಮಾರಾಟಕ್ಕೆ ಅಂತ ಹರಡಿ ಇಟ್ರೂ, ಮಾರೋಕೆ ಅಂತ ಮನೇಲಿ ಇಟ್ಕೊಂಡ್ರೂ ಅಪರಾಧ. ಎರಡಕ್ಕೂ ಶಿಕ್ಷೆ ಒಂದೇ: ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಎರಡನೇ ಸಲ ಸಿಕ್ಕಿಬಿದ್ರೆ 105ನೇ ಸೆಕ್ಷನ್. ಕನಿಷ್ಠ ಒಂದು ವರ್ಷ ಜೈಲು, ಕನಿಷ್ಠ ಒಂದು ಲಕ್ಷ ದಂಡ. ವಿಶೇಷ ಕಾರಣ ಇದ್ರೆ ಜಡ್ಜು ಅದನ್ನ ತೀರ್ಪಲ್ಲಿ ಬರೆದು ಕನಿಷ್ಠಕ್ಕಿಂತ ಕಡಿಮೆ ಮಾಡಬಹುದು, ಅಷ್ಟೇ.

ನಮ್ಮ ಹುಡುಗರು ಹೇಳೋ ಮಾತೊಂದಿದೆ. "ಮಾವ, ನಾನೇನು ಒರಿಜಿನಲ್ ಅಂತ ಸುಳ್ಳು ಹೇಳಿ ಮಾರ್ತಿಲ್ಲ. ಫಸ್ಟ್ ಕಾಪಿ ಅಂತ ಹೇಳೇ ಕೊಡ್ತೀನಿ. ಮೋಸ ಎಲ್ಲಿ?" ಕೇಳೋಕೆ ನ್ಯಾಯ ಅನ್ಸುತ್ತೆ. ಕಾನೂನಲ್ಲಿ ಇದು ಉಲ್ಟಾ ಹೊಡೆಯುತ್ತೆ. 104ನೇ ಸೆಕ್ಷನ್‌ನಲ್ಲಿ ಮಾರೋನಿಗೆ ಒಂದು ಬಚಾವಿನ ದಾರಿ ಕೊಟ್ಟಿದ್ದಾರೆ: ನಾನು ಎಲ್ಲಾ ಎಚ್ಚರಿಕೆ ತಗೊಂಡಿದ್ದೆ, ಇದು ನಕಲಿ ಅಂತ ಅನುಮಾನ ಬರೋಕೆ ಕಾರಣವೇ ಇರಲಿಲ್ಲ, ಯಾರಿಂದ ತಂದೆ ಅನ್ನೋ ವಿವರ ಎಲ್ಲಾ ಕೊಟ್ಟಿದ್ದೀನಿ, ಅಂತ ಸಾಬೀತು ಮಾಡಿದ್ರೆ ಶಿಕ್ಷೆ ಇಲ್ಲ. ಈಗ ಹೇಳಿ, ಮೊಬೈಲ್ ಸ್ಟೇಟಸ್‌ನಲ್ಲಿ ದಿನಾ "ಫಸ್ಟ್ ಕಾಪಿ" ಅಂತ ಹಾಕಿದವನು ಗೊತ್ತಿರಲಿಲ್ಲ ಅಂತ ಹೇಗೆ ಹೇಳ್ತಾನೆ? ಆ ಎರಡು ಪದ ಅವನ ಪ್ರಾಮಾಣಿಕತೆಗೆ ಸಾಕ್ಷಿ ಅಂದ್ಕೊಂಡಿದ್ದಾನೆ. ಕೋರ್ಟಲ್ಲಿ ಅದು ಅವನ ತಪ್ಪೊಪ್ಪಿಗೆ ಥರ ಓದಿಸ್ಕೊಳ್ಳುತ್ತೆ. "ಮಾಸ್ಟರ್ ಕಾಪಿ", "ರೆಪ್ಲಿಕಾ", "ಸೆವೆನ್ ಎ", ಏನೇ ಕರೀರಿ, ಗುರುತು ಬೇರೆಯವರದು, ಒಪ್ಪಿಗೆ ಇಲ್ಲ, ಮುಗೀತು.

ಆನ್‌ಲೈನ್‌ನಲ್ಲಿ ಮಾರಿದ್ರೆ ಸಿಗಲ್ಲ ಅನ್ನೋದೂ ಸುಳ್ಳು. ಯಾರು ಮಾರ್ತಿದ್ದಾರೆ ಅಂತ ಹೆಸರು ಗೊತ್ತಿಲ್ಲದಿದ್ರೂ ನಮ್ಮ ಕೋರ್ಟುಗಳು ಆದೇಶ ಕೊಡ್ತವೆ. ಹೆಸರಿಲ್ಲದ ಪ್ರತಿವಾದಿಗೆ ನಮ್ಮ ದೇಶದಲ್ಲಿ ಇಟ್ಟಿರೋ ಹೆಸರು "ಅಶೋಕ್ ಕುಮಾರ್". ಅಂದ್ರೆ ರಸ್ತೆ ಪಕ್ಕ ಟಾರ್ಪಾಲು ಹಾಸಿದ ಪ್ರತಿ ಹುಡುಗನೂ ಕಾನೂನಿನ ಲೆಕ್ಕದಲ್ಲಿ ಒಬ್ಬ ಅಶೋಕ್ ಕುಮಾರ್.

ಯಾವುದು ತಪ್ಪಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಸ್ವಂತಕ್ಕೆ ಅಂತ ಒಂದು ಜೊತೆ ಕೊಂಡು ಹಾಕ್ಕೊಂಡವನ ಮೇಲೆ ಈ ಕಾಯ್ದೆಯಲ್ಲಿ ಕೇಸಿಲ್ಲ. ಕಾಯ್ದೆ ಹಿಡಿಯೋದು ವ್ಯಾಪಾರ ಮಾಡೋರನ್ನ. (ಹಾಗಂತ ನನ್ನ ಬಿಳಿ ಶೂ ಬಗ್ಗೆ ನನಗಿರೋ ನಾಚಿಕೆ ಹೋಗಲ್ಲ.) ಕಂಪನಿಯ ಅಸಲಿ ಮಾಲನ್ನ ಕಾನೂನು ಪ್ರಕಾರ ಕೊಂಡು, ಇದ್ದ ಹಾಗೇ ಮತ್ತೆ ಮಾರೋದು ತಪ್ಪಲ್ಲ, 30ನೇ ಸೆಕ್ಷನ್ ಅದಕ್ಕೆ ಜಾಗ ಕೊಟ್ಟಿದೆ. ಸೆಕೆಂಡ್ ಹ್ಯಾಂಡ್ ಅಸಲಿ ಶೂ ಮಾರಿ, ಯಾರೂ ಕೇಳಲ್ಲ. ಬಿಲ್ ಇಟ್ಕೊಳ್ಳಿ. ಯಾರದೂ ಗುರುತಿಲ್ಲದ ಶೂ ಮಾರಿ, ಅದೂ ತಪ್ಪಲ್ಲ. ತಪ್ಪು ಇರೋದು ಶೂನಲ್ಲಿ ಅಲ್ಲ, ಅದರ ಮೇಲಿನ ಆ ಒಂದು ಇಂಚು ಗುರುತಿನಲ್ಲಿ.

"ದೊಡ್ಡ ಕಂಪನಿಗೆ ಏನ್ ನಷ್ಟ?"

ಸಂಘಟನೆ ಮೀಟಿಂಗಲ್ಲಿ ಇದನ್ನ ಹೇಳಿದಾಗ ಹಿರಿಯರೊಬ್ಬರು ರೇಗಿದರು. "ಸಾವಿರಾರು ಕೋಟಿ ಕಂಪನಿಗೆ ನಮ್ಮ ಹುಡುಗ ನಲವತ್ತು ಜೊತೆ ಮಾರಿದ್ರೆ ಏನಯ್ಯ ನಷ್ಟ? ನೀನು ಯಾರ ಪರ?"

ಆ ಪ್ರಶ್ನೆ ನನ್ನನ್ನೂ ಕಾಡ್ತು. ಆದ್ರೆ ನಮ್ಮ ಮನೆಯಿಂದಲೇ ಉತ್ತರ ಸಿಕ್ತು. ನನ್ನ ಹೆಂಡತಿ ಎರಡು ಹಸು ಸಾಕಿದ್ದಾಳೆ. ಬೆಳಗ್ಗೆ, ಸಂಜೆ ಊರಿನ ಡೇರಿಗೆ ಹಾಲು ಹಾಕ್ತಾಳೆ. ಆ ಹಾಲು "ನಂದಿನಿ" ಆಗುತ್ತೆ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ನಕಲಿ ನಂದಿನಿ ತುಪ್ಪದ ಜಾಲ ಹಿಡಿದರು. ತಮಿಳುನಾಡಿನ ತಿರುಪ್ಪೂರು ಕಡೆ ಕಲಬೆರಕೆ ಮಾಡಿ, ನಂದಿನಿ ಪ್ಯಾಕೆಟ್ಟಲ್ಲಿ ತುಂಬಿ, ಇಲ್ಲಿಗೆ ತಂದು ಮಾರ್ತಿದ್ರು. ಅದಕ್ಕೂ ಹಿಂದೆ, 2024ರ ಜನವರಿಯಲ್ಲಿ, ಹೈದರಾಬಾದ್‌ನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ಸಿಕ್ಕಿಬಿತ್ತು. ಸುದ್ದಿ ನೋಡಿ ನಾನು ಹೆಂಡತಿಗೆ ಏನಂದೆ ಗೊತ್ತಾ? "ಇವರನ್ನ ಸುಮ್ನೆ ಬಿಡಬಾರದು." ಅದೇ ಬಾಯಲ್ಲಿ ಅಳಿಯನ ವಿಷಯಕ್ಕೆ "ಕಂಪನಿಗೇನು ನಷ್ಟ" ಅಂತ ಹೇಗೆ ಹೇಳಲಿ? ನಂದಿನಿ ಅನ್ನೋ ಹೆಸರಿನ ಹಿಂದೆ ಲಕ್ಷಾಂತರ ಮನೆಗಳ ಹಾಲಿನ ಕ್ಯಾನು ಇದೆ. ಆ ಹೆಸರು ಕೆಟ್ರೆ ಮೊದಲ ಪೆಟ್ಟು ಬೀಳೋದು ಡೇರಿ ಸಾಲಲ್ಲಿ ನಿಂತ ಹೆಂಗಸರಿಗೆ. ಗುರುತು ಕಾಪಾಡೋ ಕಾನೂನು ಬರೀ ಶ್ರೀಮಂತರದ್ದಲ್ಲ. ನಮಗೂ ಬೇಕು.

ಹಾಗಂತ ಈ ಕಾನೂನು ಒಂದು ಪದವನ್ನ ಯಾರಿಗೂ ಬರೆದುಕೊಟ್ಟಿಲ್ಲ. ಇದೇ ನಂದಿನಿ ವಿಷಯದಲ್ಲಿ ಇನ್ನೊಂದು ಕೇಸಿದೆ. ಬೆಂಗಳೂರಿನ "ನಂದಿನಿ ಡೀಲಕ್ಸ್" ಹೋಟೆಲಿನವರು ಆ ಹೆಸರು ಬಳಸೋಕೆ ಶುರು ಮಾಡಿದ್ದು 1989ರಲ್ಲಿ. ಕೆಎಂಎಫ್ ಅದಕ್ಕೂ ಮುಂಚೆ, 1985ರಿಂದ. ಕೆಎಂಎಫ್ ತಕರಾರು ತೆಗೀತು. ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯ್ತು. 2018ರ ಜುಲೈ 26ರಂದು ಹೋಟೆಲಿನವರು ಗೆದ್ದರು. ಗುರುತಿನ ರೂಪ ಬೇರೆ, ಸರಕು ಬೇರೆ, ಜನ ಮೋಸ ಹೋಗಲ್ಲ ಅಂತ ಕೋರ್ಟ್ ಹೇಳ್ತು. ಅಂದ್ರೆ ಪ್ರಾಮಾಣಿಕವಾಗಿ ತನ್ನ ಹೆಸರಲ್ಲಿ ತನ್ನ ವ್ಯಾಪಾರ ಮಾಡೋನು ಸರ್ಕಾರಿ ಬಲದ ಸಂಸ್ಥೆ ಎದುರೂ ನಿಲ್ಲಬಹುದು. ಬೇರೆಯವರ ಗುರುತು ಅಂಟಿಸ್ಕೊಂಡೋನು ಒಬ್ಬ ಕಾನ್‌ಸ್ಟೇಬಲ್ ಎದುರೂ ನಿಲ್ಲೋಕಾಗಲ್ಲ. ನಮ್ಮ ಹುಡುಗನಿಗೆ ಆ ರಾತ್ರಿ ಆಗಿದ್ದು ಅದೇ. ತಪ್ಪು ಅವನ ಕಡೆ ಇತ್ತು, ಅದಕ್ಕೇ ಅವನ ನಾಲಿಗೆ ಏಳಲಿಲ್ಲ. ಆ ಏಳದ ನಾಲಿಗೆಯನ್ನೇ ಅವರು ನಲವತ್ತು ಸಾವಿರಕ್ಕೆ ಮಾರ್ಕೊಂಡ್ರು.

ಈಗ ಅವರ ತಪ್ಪು

ಹುಡುಗನ ತಪ್ಪು ಒಪ್ಪಿದ ಮೇಲೂ ಆ ಸಂಜೆ ನಡೆದದ್ದು ದರೋಡೆಯೇ. ಇದನ್ನ ಹಲ್ಲು ಕಚ್ಚಿ ಹೇಳ್ತೀನಿ.

ಇದೇ ಕಾಯ್ದೆಯ 115ನೇ ಸೆಕ್ಷನ್ ಓದಿ. 103, 104, 105ರ ಅಪರಾಧಗಳು ಕಾಗ್ನಿಜಬಲ್, ಅಂದ್ರೆ ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದು. ಸರಿ. ಆದ್ರೆ ವಾರಂಟ್ ಇಲ್ಲದೆ ಶೋಧ ಮಾಡಿ ಮಾಲು ಜಪ್ತಿ ಮಾಡೋ ಅಧಿಕಾರ ಇರೋದು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಗೆ. ಕಾನ್‌ಸ್ಟೇಬಲ್‌ಗಲ್ಲ, ಸಬ್ ಇನ್ಸ್‌ಪೆಕ್ಟರ್‌ಗೂ ಅಲ್ಲ. ಅಷ್ಟೇ ಅಲ್ಲ, ಆ ಅಧಿಕಾರಿ ಜಪ್ತಿಗೆ ಮುಂಚೆ ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಾರ್ ಅವರ ಅಭಿಪ್ರಾಯ ತಗೋಬೇಕು, ಆ ಅಭಿಪ್ರಾಯಕ್ಕೆ ಬದ್ಧವಾಗಿ ನಡೀಬೇಕು. ನಮ್ಮ ರಾಜ್ಯಕ್ಕೆ ಆ ಕಚೇರಿ ಇರೋದು ಚೆನ್ನೈನಲ್ಲಿ. ನೆಲಮಂಗಲದ ರಸ್ತೆ ಪಕ್ಕ ಸಂಜೆ ಏಳು ಗಂಟೆಗೆ ಚೀಲ ತುಂಬಿದವರ ಕೈಲಿ ಚೆನ್ನೈನ ಕಾಗದ ಇತ್ತಾ? ಡಿವೈಎಸ್‌ಪಿ ಸಾಹೇಬರು ಆ ಟಾರ್ಪಾಲಿನ ಹತ್ರ ಬಂದಿದ್ರಾ?

ಪಾರ್ಲಿಮೆಂಟು ಈ ಬೇಲಿ ಸುಮ್ನೆ ಹಾಕಿಲ್ಲ. ಯಾವುದು ಅಸಲಿ, ಯಾವುದು ನಕಲಿ, ಗುರುತು ಯಾರ ಹೆಸರಲ್ಲಿ ನೋಂದಣಿಯಾಗಿದೆ ಅನ್ನೋದು ರಸ್ತೆಯಲ್ಲಿ ನಿಂತು ಕಣ್ಣಂದಾಜಲ್ಲಿ ಹೇಳೋ ವಿಷಯ ಅಲ್ಲ. ಬೇಲಿ ತೆಗೆದ್ರೆ ಕಾನೂನು ವಸೂಲಿ ಕಸುಬಾಗುತ್ತೆ. ಆಗಿದೆ.

ಇನ್ನೊಂದು ನೋಡಿ. ಅಮೆರಿಕ ಸರ್ಕಾರದ ವ್ಯಾಪಾರ ಕಚೇರಿಯವರು ನಕಲಿ ಮಾಲಿನ ಕುಖ್ಯಾತ ಮಾರುಕಟ್ಟೆಗಳ ಪಟ್ಟಿ ತರ್ತಾರೆ. 2023ರ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದ್ರೆ ಎಸ್.ಪಿ. ರೋಡು ಇತ್ತು. ವಾಷಿಂಗ್ಟನ್‌ನಲ್ಲಿ ಕೂತವರಿಗೆ ಕಾಣೋದು ನಮ್ಮ ಅಧಿಕಾರಿಗಳಿಗೆ ಕಾಣಲ್ವಾ? ಮಾಲು ಬರೋ ಗೋಡೌನು, ಅದನ್ನ ತರಿಸೋ ಸೇಠು, ಅಲ್ಲಿಂದ ಮುಂದೆ ಹತ್ತು ಕೈ, ಕೊನೆಗೆ ಟಾರ್ಪಾಲು. ಬಲೆ ಯಾವಾಗಲೂ ಕೊನೆಯ ಕೈ ಮೇಲೇ ಬೀಳುತ್ತೆ. ಆ ಕೈ ಯಾವ ಕೇರಿಯದು ಅಂತ ನಾನು ಹೇಳಬೇಕಿಲ್ಲ.

ದೊಡ್ಡವರ ವಿಷಯಕ್ಕೆ ಬಂದ್ರೆ ಕಾನೂನಿನ ನಡಿಗೆ ಬೇರೆ. ಬೆವರ್ಲಿ ಹಿಲ್ಸ್ ಪೋಲೋ ಕ್ಲಬ್ ಗುರುತಿನ ಕೇಸಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಫೆಬ್ರವರಿಯಲ್ಲಿ ಅಮೆಜಾನ್ ಮೇಲೆ ಸುಮಾರು 340 ಕೋಟಿ ರೂಪಾಯಿ ಪರಿಹಾರ ಹೊರಿಸ್ತು. ಜುಲೈನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಡ್ತು. ಮೇಲ್ಮನವಿ ಅವರ ಹಕ್ಕು, ತಡೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನಾನು ಕೇಳೋದು ಇಷ್ಟೇ: ಅವರಿಗೆ ವಕೀಲರು, ವಾದ, ಮೇಲ್ಮನವಿ, ತಡೆಯಾಜ್ಞೆ. ನಮ್ಮಕ್ಕನಿಗೆ ಯಾಕೆ ಓಲೆ ಅಡ ಇಡೋ ಅಂಗಡಿ ಒಂದೇ?

ಇದೇ ಕಾನೂನು, ನಮ್ಮ ಚಪ್ಪಲಿಗೆ

ನಮ್ಮ ತಾತ ಮೆಟ್ಟು ಹೊಲೀತಿದ್ದ. ಗೌಡರ ಮನೆಗೆ ವರ್ಷಕ್ಕಿಷ್ಟು ಜೊತೆ, ಕೂಲಿ ರಾಗಿ ಲೆಕ್ಕದಲ್ಲಿ. ತಾನು ಹೊಲಿದ ಮೆಟ್ಟನ್ನ ತಾನೇ ಹಾಕ್ಕೊಂಡು ಊರೊಳಗೆ ಹೋಗೋ ಹಾಗಿರಲಿಲ್ಲ; ಬೀದಿ ಬಂದ ಕೂಡಲೇ ತೆಗೆದು ಕೈಲಿ ಹಿಡ್ಕೋಬೇಕಿತ್ತು. ಅಮ್ಮ ಇದನ್ನ ಹೇಳುವಾಗ ಕೋಪದಲ್ಲಿ ಹೇಳ್ತಿರಲಿಲ್ಲ, ಮಳೆ-ಬೆಳೆ ವಿಷಯ ಹೇಳೋ ಹಾಗೆ ಹೇಳ್ತಿದ್ಲು. ನಮ್ಮ ಹುಡುಗರಿಗೆ ಬ್ರ್ಯಾಂಡ್ ಶೂ ಹುಚ್ಚು ಯಾಕೆ ಅಂತ ಹೊರಗಿನವರು ನಗ್ತಾರೆ. ನನಗೆ ನಗು ಬರಲ್ಲ. ಕಾಲಿಗೆ ಹಾಕೋದು ನಮಗೆ ಬರೀ ಕಾಲಿನ ವಿಷಯ ಆಗಿರಲಿಲ್ಲ.

ಈಗ ಆ ಕಸುಬಿನ ಕಥೆ ಕೇಳಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದ್ರೆ ಜಿಐ ಟ್ಯಾಗ್ ಸಿಕ್ತು. ಹೆಸರು ಕೊಲ್ಹಾಪುರದ್ದಾದ್ರೂ ಟ್ಯಾಗ್ ಎರಡು ರಾಜ್ಯಕ್ಕೆ ಸೇರಿದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಮ್ಮ ಅಥಣಿ, ನಿಪ್ಪಾಣಿ ಕಡೆ ಸಮಗಾರರ ಮನೆಮನೆಯಲ್ಲಿ ಈ ಕೆಲಸ ಇದೆ. ನೋಂದಣಿ ಇರೋದು ಅಲ್ಲಿಯ ಲಿಡ್‌ಕಾಂ ಮತ್ತು ನಮ್ಮ ಲಿಡ್ಕರ್, ಎರಡು ಸರ್ಕಾರಿ ನಿಗಮಗಳ ಹೆಸರಲ್ಲಿ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿ ತನ್ನ ಫ್ಯಾಷನ್ ಶೋನಲ್ಲಿ ಥೇಟ್ ಅದೇ ಥರದ ಚಪ್ಪಲಿ ಹಾಕಿಸಿ ಮಾಡೆಲ್‌ಗಳನ್ನ ನಡೆಸ್ತು. ಮೊದಲಿಗೆ ಹೇಳಿದ್ದು "ಚರ್ಮದ ಚಪ್ಪಲಿ" ಅಂತ ಅಷ್ಟೇ. ಕೊಲ್ಹಾಪುರ ಇಲ್ಲ, ಅಥಣಿ ಇಲ್ಲ, ಭಾರತ ಕೂಡ ಇಲ್ಲ. ಇಲ್ಲಿ ಗಲಾಟೆ ಎದ್ದ ಮೇಲೆ, ಭಾರತದ ಕರಕುಶಲತೆಯಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡರು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಹೆಸರೂ ಬರಬೇಕು ಅಂತ ಸಚಿವ ಪ್ರಿಯಾಂಕ್ ಖರ್ಗೆ ಆಗ ದನಿ ಎತ್ತಿದರು. ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ರು. ಜುಲೈನಲ್ಲಿ ಕೋರ್ಟ್ ವಜಾ ಮಾಡ್ತು. ಜಿಐ ನೋಂದಣಿ ಯಾರ ಹೆಸರಲ್ಲಿದೆಯೋ ಅವರು ಬರಬೇಕು, ನೀವಲ್ಲ ಅಂತು.

ಇಲ್ಲಿ ಸೂಕ್ಷ್ಮ ಗಮನಿಸಿ. ಜಿಐ ಕಾಯ್ದೆ ಮುಖ್ಯವಾಗಿ ಕಾಯೋದು ಹೆಸರನ್ನ. "ಕೊಲ್ಹಾಪುರಿ" ಅಂತ ಹೇಳದೆ ಅದೇ ಆಕಾರ ಮಾಡಿದ್ರೆ ಕಾನೂನು ತಡವರಿಸುತ್ತೆ. ತಲೆತಲಾಂತರದ ವಿನ್ಯಾಸವನ್ನ ಹೊಸದು ಅಂತ ಡಿಸೈನ್ ಕಾಯ್ದೆಯಲ್ಲೂ ನೋಂದಾಯಿಸೋಕಾಗಲ್ಲ. ನಮ್ಮ ಹುಡುಗ ಅವರ ಗುರುತು ತಗೊಂಡ, ಅಪರಾಧಿ ಆದ. ಅವರು ನಮ್ಮ ಗುರುತು ಬಿಟ್ಟು ನಮ್ಮ ಕಸುಬು ತಗೊಂಡ್ರು, ಅದಕ್ಕೆ "ಪ್ರೇರಣೆ" ಅಂತ ಹೆಸರಾಯ್ತು. ಶ್ರೀಮಂತನ ಆಸ್ತಿ ಇರೋದು ಹೆಸರಲ್ಲಿ. ನಮ್ಮ ಆಸ್ತಿ ಇರೋದು ಕೈಯಲ್ಲಿ. ಕಾನೂನು ಹೆಸರಿಗೆ ಬೇಲಿ ಹಾಕಿದೆ, ಕೈಗೆ ಹಾಕಿಲ್ಲ.

2025ರ ಡಿಸೆಂಬರ್‌ನಲ್ಲಿ ಪ್ರಾಡಾ, ಲಿಡ್‌ಕಾಂ, ಲಿಡ್ಕರ್ ಮಧ್ಯೆ ಒಪ್ಪಂದ ಆಯ್ತು. ಇಲ್ಲಿನ ಕುಶಲಕರ್ಮಿಗಳಿಂದ 2,000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೋಗೆ ಮಾರ್ತಾರೆ ಅಂತ ಸುದ್ದಿ ಬಂತು. ನಮ್ಮ ರೂಪಾಯಿಯಲ್ಲಿ ಎಂಬತ್ತು ಸಾವಿರಕ್ಕೂ ಮೇಲೆ. ನಾನು ಈ ಒಪ್ಪಂದದ ವಿರೋಧಿ ಅಲ್ಲ. ಒಂದೇ ಪ್ರಶ್ನೆ: ಆ ಎಂಬತ್ತು ಸಾವಿರದಲ್ಲಿ ಅಥಣಿಯಲ್ಲಿ ಉಳಿ ಹಿಡಿದ ಕೈಗೆ ಎಷ್ಟು? ಲಿಡ್ಕರ್ ನಮ್ಮ ನಿಗಮ. ಬಾಬು ಜಗಜೀವನ ರಾಂ ಹೆಸರಿನ ನಿಗಮ. ಒಪ್ಪಂದದ ಲೆಕ್ಕ ಕನ್ನಡದಲ್ಲಿ ಬರೆದು ಅಥಣಿಯ ಗೋಡೆಗೆ ಅಂಟಿಸಲಿ.

ಇನ್ನೂ ಹತ್ತಿರಕ್ಕೆ ಬನ್ನಿ. ರೆಕ್ಸಿನ್, ಫೋಮ್ ಹಾಕಿ ಮಷೀನಲ್ಲಿ ಒತ್ತಿದ ಚಪ್ಪಲಿಗೆ "ಕೊಲ್ಹಾಪುರಿ" ಅಂತ ಬೋರ್ಡ್ ಹಾಕಿ ಮಾರೋದನ್ನ ನೀವೆಲ್ಲ ನೋಡಿದ್ದೀರಿ. 1999ರ ಜಿಐ ಕಾಯ್ದೆಯ 39, 40ನೇ ಸೆಕ್ಷನ್ ಓದಿ. ಸುಳ್ಳು ಸೂಚ್ಯಂಕ ಹಾಕಿದ್ರೆ, ಅಂಥ ಮಾಲು ಮಾರಿದ್ರೆ, ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಬ್ರ್ಯಾಂಡ್ ಶೂಗೆ ಏನು ಶಿಕ್ಷೆಯೋ ಅದೇ ಶಿಕ್ಷೆ, ಅಕ್ಷರ ಅಕ್ಷರ ಅದೇ. ಪೊಲೀಸರಿಗೆ ಅಧಿಕಾರವೂ ಅದೇ. ಅಥಣಿ ಚಪ್ಪಲಿಯ ಪರವಾಗಿ ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡು ಬಂದ ಒಬ್ಬನನ್ನ ನಾನು ಈ ಹೆದ್ದಾರಿಯಲ್ಲಿ ಇವತ್ತಿನವರೆಗೂ ನೋಡಿಲ್ಲ.

ನನ್ನ ಜಗಳ ಇರೋದು ಇಲ್ಲಿ. ಕಾನೂನು ಬೇಡ ಅಂತಲ್ಲ. ಅದೇ ಕಾನೂನು ನಮಗೂ ಎದ್ದು ನಿಲ್ಲಲಿ ಅಂತ.

ಹುಡುಗರಿಗೆ

ಮೊದಲನೇದು: ಬಿಟ್ಟುಬಿಡಿ. ಕದ್ದ ಗುರುತಿನ ಮಾಲು ಇರೋ ತನಕ ನಿಮ್ಮ ಜುಟ್ಟು ಇನ್ನೊಬ್ಬನ ಕೈಲಿರುತ್ತೆ. ಇವತ್ತು ನಲವತ್ತು ಸಾವಿರ, ನಾಳೆ ಇನ್ನೊಬ್ಬ ಬರ್ತಾನೆ.

ಎರಡನೇದು: ಯಾರಾದ್ರೂ ದಾಳಿಗೆ ಬಂದ್ರೆ ಓಡಬೇಡಿ, ದುಡ್ಡು ಕೊಡಬೇಡಿ. ಶಾಂತವಾಗಿ ಕೇಳಿ: ವಾರಂಟ್ ಇದೆಯಾ? ಇಲ್ಲದಿದ್ರೆ ಡಿವೈಎಸ್‌ಪಿ ಎಲ್ಲಿ? ರಿಜಿಸ್ಟ್ರಾರ್ ಅಭಿಪ್ರಾಯ ಎಲ್ಲಿ? ಕೋರ್ಟ್ ಕಮಿಷನರ್ ಅಂದ್ರೆ ಕೋರ್ಟಿನ ಆದೇಶದ ಪ್ರತಿ ಕೇಳಿ. ಕಂಪನಿ ಏಜೆಂಟನಿಗೆ ನಿಮ್ಮ ಚೀಲ ಮುಟ್ಟೋ ಅಧಿಕಾರ ಅವನ ಐಡಿ ಕಾರ್ಡಿನಿಂದ ಬರಲ್ಲ.

ಮೂರನೇದು: ಜಪ್ತಿ ಮಾಡಿದ್ರೆ ಮಹಜರು ಆಗಲೇಬೇಕು, ಪ್ರತಿ ವಸ್ತುವಿನ ಲೆಕ್ಕ ಇರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿಯನ್ನ ವಿಡಿಯೋ ಮಾಡಬೇಕಾದದ್ದು ಪೊಲೀಸರ ಕರ್ತವ್ಯ. ಜಪ್ತಿಯಾದ ಮಾಲಿನ ಮೇಲೆ ನಿಮಗೆ ಹಕ್ಕಿದ್ರೆ 15 ದಿನದೊಳಗೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಬಹುದು.

ನಾಲ್ಕನೇದು: ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆಯದೆ ಸುಮ್ನೆ ಬಂಧಿಸೋ ಹಾಗಿಲ್ಲ ಅಂತ ಅರ್ನೇಶ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. "ಈಗಲೇ ಜೈಲು" ಅನ್ನೋ ಬೆದರಿಕೆಗೆ ಹೆದರಬೇಡಿ.

ಐದನೇದು: ಎಸ್‌ಸಿ, ಎಸ್‌ಟಿ ಆದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗೋದು ಹಕ್ಕು; 1987ರ ಕಾನೂನು ಸೇವೆಗಳ ಕಾಯ್ದೆ, 12ನೇ ಸೆಕ್ಷನ್. ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ನಾಲ್ಕು ಜನರ ಎದುರು ಜಾತಿ ಹಿಡಿದು ಬೈದ್ರೆ ಅದು ಬೇರೆ ಕೇಸು, ಅಟ್ರಾಸಿಟಿ ಕಾಯ್ದೆ. ಅದನ್ನ ಇದರ ಜೊತೆ ರಾಜಿ ಮಾಡ್ಕೋಬೇಡಿ.

ಆರನೇದು, ಇದು ನನಗೆ ಮುಖ್ಯ. ಒಂದು ಟ್ರೇಡ್ ಮಾರ್ಕ್ ಅರ್ಜಿಗೆ ಒಬ್ಬ ಸಾಮಾನ್ಯ ವ್ಯಕ್ತಿ ಆನ್‌ಲೈನಲ್ಲಿ ಕಟ್ಟಬೇಕಾದ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ ಆದ್ರೆ ಹತ್ತು ವರ್ಷ ಬಾಳುತ್ತೆ, ಆಮೇಲೆ ನವೀಕರಿಸಬಹುದು. ಏಳು ಜೊತೆ ಫಸ್ಟ್ ಕಾಪಿ ಶೂ ತರೋ ದುಡ್ಡು ಅದು. ಗುರುತಿಲ್ಲದ ಒಳ್ಳೆ ಶೂ ತಂದು, ನಿಮ್ಮ ಹೆಸರು, ನಿಮ್ಮ ಚಿಹ್ನೆ ಹಾಕಿ ಮಾರಿ. ಮೊದಲ ವರ್ಷ ಯಾರೂ ಕೊಳ್ಳಲ್ಲ ಅಂತೀರಾ? ನಿಜ. ಅಳಿಯನೂ ಅದನ್ನೇ ಹೇಳಿದ: "ನನ್ನ ಹೆಸರಿನ ಶೂ ಯಾರು ಹಾಕ್ತಾರೆ ಮಾವ?" ನನ್ನ ಹತ್ರ ತಕ್ಷಣ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದ್ರೆ ಮೀಸಲು ಕ್ಷೇತ್ರ ಇದು. ಉಪಯೋಜನೆ ದುಡ್ಡು ಅಂತ ಪ್ರತಿ ವರ್ಷ ಭಾಷಣ ಕೇಳ್ತೀವಿ. ಅದರಲ್ಲಿ ನೂರು ಹುಡುಗರಿಗೆ ನೋಂದಣಿ ಶುಲ್ಕ, ರಸ್ತೆ ಬದಿ ವ್ಯಾಪಾರಕ್ಕೆ ಗುರುತಿನ ಚೀಟಿ, ಅಥಣಿಯ ಅಸಲಿ ಚಪ್ಪಲಿಯನ್ನ ಇಲ್ಲಿ ಮಾರೋಕೆ ಒಂದು ಮಳಿಗೆ ಕೇಳೋಣ. ಧರಣಿ ಕೂರೋದಾದ್ರೆ ಇದಕ್ಕೆ ಕೂರೋಣ, ನಾನು ಮುಂದಿನ ಸಾಲಲ್ಲಿ ಕೂರ್ತೀನಿ.

ಆ ಸಂಜೆಯ ನಲವತ್ತು ಸಾವಿರದ ಬಗ್ಗೆ ಮೇಲಧಿಕಾರಿಗಳಿಗೆ ಬರೆದು ಕೊಡ್ತಿದ್ದೀವಿ. ಹುಡುಗ ತನ್ನ ತಪ್ಪನ್ನೂ ಅದರಲ್ಲೇ ಬರೀತಾನೆ. ಅಕ್ಕ ಮೊದಲು ಒಪ್ಪಲಿಲ್ಲ. "ನಾವೇ ಕಳ್ಳರು ಅಂತ ನಾವೇ ಬರ್ಕೊಡೋದಾ?" ಅಂದ್ಲು. ಒಂದು ವಾರ ಮಾತಾಡಿಸಲಿಲ್ಲ. ಆಮೇಲೆ ಒಂದಿನ ತಾನೇ ಫೋನ್ ಮಾಡಿ ಕೇಳಿದ್ಲು: "ಅದ್ರಲ್ಲಿ ನನ್ನ ಓಲೆ ವಿಷಯಾನೂ ಬರೀತೀಯೇನೋ?"

ಬರೀತೀನಿ ಕಣಕ್ಕ. ಮೊದಲನೇ ಸಾಲಲ್ಲೇ ಬರೀತೀನಿ.

ಜೈ ಭೀಮ್.